ನಮ್ಮ ತಾಲ್ಲೂಕಿನಲ್ಲಿ ಸೂರಿಲ್ಲದವರೇ ಇಲ್ಲವೆ?

"ನಮ್ಮ ಕಡೆ ಮನೆ ಇಲ್ಲದವರು ಅಂತ ಯಾರಿದ್ದಾರೆ? ಅದೆಲ್ಲ ಬೆಂಗಳೂರು, ಬೊಂಬಾಯಿ ಕಡೆಯ ತಾಪತ್ರಯ." ಕಡೂರಿನಲ್ಲಿ, ತರೀಕೆರೆಯಲ್ಲಿ, ಅಜ್ಜಂಪುರದಲ್ಲಿ ಈ ಮಾತು ಆಡುವವರಿಗೆ ಕೊರತೆಯಿಲ್ಲ. ಅರಳಿಕಟ್ಟೆಯ ಮೇಲೆ ಕೂತ ಯಜಮಾನರು ಹೇಳುತ್ತಾರೆ, ಕಚೇರಿಯ ಗುಮಾಸ್ತರು ಹೇಳುತ್ತಾರೆ, ಓಟು ಕೇಳಲು ಬಂದವರು ವೇದಿಕೆಯಿಂದಲೇ ಹೇಳುತ್ತಾರೆ. ಊರಾಚೆಯ ಖಾಲಿ ಜಾಗದಲ್ಲಿ ಸಾಲಾಗಿ ನಿಂತ ಟೆಂಟುಗಳನ್ನು ತೋರಿಸಿದರೆ ಎರಡನೆಯ ಮಾತು ಸಿದ್ಧ: "ಅವರು ಇಲ್ಲಿಯವರಲ್ಲ." ಹತ್ತಾರು ವರ್ಷದಿಂದ ಇಲ್ಲೇ ಇದ್ದಾರಲ್ಲ ಎಂದರೆ ಮೂರನೆಯದು: "ಅಲೆಯೋದು ಅವರ ಕುಲಕಸುಬು." ಅದಕ್ಕೂ ಉತ್ತರ ಕೊಟ್ಟರೆ ಕೊನೆಯದು: "ಮನೆ ಕೊಟ್ಟರೂ ಮಾರ್ಕೊಂಡು ಹೋಗ್ತಾರೆ."

ಈ ನಾಲ್ಕು ಮಾತುಗಳೂ ಸುಳ್ಳು. ಬಡತನಕ್ಕಿಂತ ಹೆಚ್ಚಾಗಿ ಈ ಸುಳ್ಳುಗಳೇ ಸೂರಿಲ್ಲದವರನ್ನು ಸೂರಿಲ್ಲದವರಾಗಿ ಉಳಿಸಿವೆ. ಅವನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಮೊದಲು, ಇದು ಪೇಟೆಯ ಸಮಸ್ಯೆ ಎಂಬ ಮಾತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸೂರಿಲ್ಲದವರು 17.73 ಲಕ್ಷ. ಉತ್ತರ ಪ್ರದೇಶದಲ್ಲಿ 3.29 ಲಕ್ಷ, ಮಹಾರಾಷ್ಟ್ರದಲ್ಲಿ 2.10 ಲಕ್ಷ, ರಾಜಸ್ಥಾನದಲ್ಲಿ 1.81 ಲಕ್ಷ. ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು. ದೇಶದ ಒಟ್ಟು ಲೆಕ್ಕದಲ್ಲಿ 8.34 ಲಕ್ಷ ಜನ ಹಳ್ಳಿಗಳಲ್ಲೇ ಇದ್ದರು. ನಮ್ಮ ರಾಜ್ಯದಲ್ಲಂತೂ ಪೇಟೆಗಿಂತ ಹಳ್ಳಿಯ ಸಂಖ್ಯೆಯೇ ದೊಡ್ಡದು. ಬೆಂಗಳೂರಿನ ಮೇಲ್ಸೇತುವೆಯ ಕೆಳಗೆ ಮಲಗಿದವನು ಕಣ್ಣಿಗೆ ಬೀಳುತ್ತಾನೆ, ಟೀವಿಯಲ್ಲಿ ಬರುತ್ತಾನೆ. ಬೀರೂರು ಜಂಕ್ಷನ್ನಿನ ಪ್ಲಾಟ್‌ಫಾರಂನಲ್ಲಿ, ಕಡೂರು ಬಸ್ ನಿಲ್ದಾಣದ ಮೂಲೆಯಲ್ಲಿ, ಹಳ್ಳಿಯ ಗುಡಿಯ ಜಗಲಿಯ ಮೇಲೆ ಮಲಗಿದವರನ್ನು ಯಾರು ನೋಡಿದರು?

2001ರಲ್ಲಿ ಹಳ್ಳಿಗಳ ಸೂರಿಲ್ಲದವರು 11.6 ಲಕ್ಷ, ಪಟ್ಟಣಗಳಲ್ಲಿ 7.78 ಲಕ್ಷ. ಹತ್ತು ವರ್ಷದಲ್ಲಿ ಹಳ್ಳಿಯ ಸಂಖ್ಯೆ ಮೂರು ಲಕ್ಷಕ್ಕೂ ಹೆಚ್ಚು ಇಳಿಯಿತು, ಪಟ್ಟಣದ್ದು 9.38 ಲಕ್ಷಕ್ಕೆ ಏರಿತು. ಹಳ್ಳಿಯವರೆಲ್ಲ ಮನೆ ಕಟ್ಟಿಕೊಂಡರೋ, ಬಸ್ಸು ಹತ್ತಿ ಪೇಟೆಯ ಲೆಕ್ಕಕ್ಕೆ ಜಮೆಯಾದರೋ? ಕಡೂರಿನ ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೊರಡುವವರನ್ನು ಕಂಡವರಿಗೆ ಉತ್ತರ ಗೊತ್ತು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಬೆಂಗಳೂರಿನ ಬೀದಿಯಲ್ಲಿ ಮಲಗುವವನು ಬೆಂಗಳೂರಿನಲ್ಲೇ ಹುಟ್ಟಿದವನಲ್ಲ. ಅವನನ್ನು ಇಂಥ ಸೀಮೆಗಳೇ ಕಳಿಸಿಕೊಟ್ಟಿವೆ.

ಈ ಅಂಕಿಗಳು ಸತ್ಯದ ಅರ್ಧದಷ್ಟನ್ನೂ ಹೇಳುವುದಿಲ್ಲ. ಜನಗಣತಿ ಸೂರಿಲ್ಲದವರನ್ನು ಎಣಿಸಿದ್ದು ಒಂದೇ ಒಂದು ರಾತ್ರಿ, 2011ರ ಫೆಬ್ರುವರಿ 28ರಂದು. ಅಂದು ರಾತ್ರಿ ರಸ್ತೆ ಬದಿಯಲ್ಲಿ, ದೊಡ್ಡ ಪೈಪುಗಳ ಒಳಗೆ, ಸೇತುವೆ ಮತ್ತು ಮೆಟ್ಟಿಲ ಕೆಳಗೆ, ಗುಡಿಯ ಆವರಣದಲ್ಲಿ, ರೈಲ್ವೆ ಪ್ಲಾಟ್‌ಫಾರಂನಲ್ಲಿ ಸಿಕ್ಕವರು ಮಾತ್ರ ಲೆಕ್ಕಕ್ಕೆ ಬಂದರು. ಅದೇ ಜನಗಣತಿಯ ಮನೆಪಟ್ಟಿಯಲ್ಲಿ ಛಾವಣಿ ಯಾವುದರದ್ದು ಎಂಬ ಪ್ರಶ್ನೆಗೆ ಹೆಂಚು, ಶೀಟು, ಕಾಂಕ್ರೀಟಿನ ಜೊತೆಗೆ ಪ್ಲಾಸ್ಟಿಕ್ ಎಂಬ ಉತ್ತರಕ್ಕೂ ಜಾಗವಿದೆ. ನಾಲ್ಕು ಗಳು ನೆಟ್ಟು ಮೇಲೆ ನೀಲಿ ಟಾರ್ಪಾಲು ಎಳೆದುಕೊಂಡವರು ಆ ಪಟ್ಟಿಯಲ್ಲಿ 'ಮನೆ ಇರುವವರು'. ಹೀಗೆ ಎಣಿಸಿ, ನಮ್ಮಲ್ಲಿ ಮನೆ ಇಲ್ಲದವರೇ ಇಲ್ಲ ಎಂದು ಹೇಳುವುದು ಯಾವ ನ್ಯಾಯ? ಇದನ್ನು ಒಪ್ಪಿಕೊಳ್ಳುವವರು ಆಷಾಢದ ಒಂದೇ ಒಂದು ರಾತ್ರಿ ಆ ಟಾರ್ಪಾಲಿನ ಕೆಳಗೆ ಮಕ್ಕಳನ್ನು ಮಲಗಿಸಲು ಒಪ್ಪುತ್ತಾರೆಯೇ?

ಆ ಟೆಂಟಿನ ಒಳಗೆ ಬಗ್ಗಿ ನೋಡಿ. ನೆಟ್ಟಗೆ ನಿಲ್ಲುವಷ್ಟು ಎತ್ತರವಿಲ್ಲ. ಒಂದು ಮೂಲೆಯಲ್ಲಿ ಗಂಟುಮೂಟೆ, ಅದರ ಮೇಲೆ ಮಡಿಸಿಟ್ಟ ಕೌದಿ. ಗಳುವಿಗೆ ನೇತುಹಾಕಿದ ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಕಾರ್ಡು, ಮಗುವಿನ ಚುಚ್ಚುಮದ್ದಿನ ಚೀಟಿ. ಮಳೆ ಬಂದರೆ ಆ ಕವರನ್ನೇ ಮೊದಲು ಸೀರೆಯ ಮಡಿಲಿಗೆ ಸೇರಿಸುತ್ತಾರೆ. ಹೊರಗೆ ಮೂರು ಕಲ್ಲಿನ ಒಲೆ; ಮಳೆ ಹಿಡಿದರೆ ಅಂದು ಅಡುಗೆ ಇಲ್ಲ. ಹೆಂಗಸರು ಬಯಲಿಗೆ ಹೋಗಬೇಕಾದರೆ ಕತ್ತಲಾಗಬೇಕು, ಹಾವು ಚೇಳಿನ ಭಯದಲ್ಲೇ ಹೋಗಬೇಕು. ನಲ್ಲಿ ನೀರು ಪಕ್ಕದ ಬೀದಿಯವರ ದಯೆ. ಒಂದು ಜಗಳವಾದರೆ ಅದೂ ನಿಂತಿತು. ಇದನ್ನು ಮನೆ ಎಂದು ಬರೆದುಕೊಂಡ ಕಾಗದ ಎಷ್ಟೇ ಅಧಿಕೃತವಾಗಿರಲಿ, ಅದರಲ್ಲಿ ಬರೆದಿರುವುದು ಸುಳ್ಳು.

ಎರಡನೆಯದು: "ಅವರು ಇಲ್ಲಿಯವರಲ್ಲ." ಅಜ್ಜಂಪುರದ ಕಡೆ ಈರುಳ್ಳಿ ಕೀಳುವಾಗ ಕೂಲಿಗೆ ಬಂದವರು ಎಲ್ಲಿಯವರು ಎಂದು ಯಾರೂ ಕೇಳುವುದಿಲ್ಲ. ತರೀಕೆರೆಯ ತೋಟಗಳಲ್ಲಿ ಅಡಿಕೆ ಸುಲಿಯಲು ಕೈಗಳು ಬೇಕಾದಾಗ ಯಾರೂ ವಿಳಾಸದ ಪುರಾವೆ ಕೇಳುವುದಿಲ್ಲ. ಬೆಳೆ ಮನೆ ಸೇರಿದ ಮೇಲೆ, ಅದೇ ಜನ ಊರ ಬದಿಯಲ್ಲಿ ನಿಂತು ಸೈಟು ಬೇಕೆಂದಾಗ ಮಾತ್ರ ಹೊರಗಿನವರಾಗುತ್ತಾರೆ. ದುಡಿಮೆಗೆ ಇಲ್ಲಿಯವರಾದವರು ಮಲಗುವುದಕ್ಕೆ ಮಾತ್ರ ಪರವೂರಿನವರೇ? ಇನ್ನು ನಮ್ಮವರ ಕಥೆ ಏನು? ಬಯಲುಸೀಮೆಯಿಂದ ಕಾಫಿ ತೋಟಗಳಿಗೆ ಹೋಗಿ ಲೈನ್ ಮನೆಗಳಲ್ಲಿ ತಲೆಮಾರು ಕಳೆದವರಿದ್ದಾರೆ. ಕೆಲಸ ಇರುವ ತನಕ ಲೈನ್ ಮನೆ. ಕೈ ಸೋತ ದಿನ ಬೀಗದ ಕೈ ತೋಟದ ರೈಟರಿಗೆ ಒಪ್ಪಿಸಬೇಕು. ಜೀವಮಾನವೆಲ್ಲ ದುಡಿದು ಮುಪ್ಪಿನಲ್ಲಿ ಊರಿಗೆ ಬಂದರೆ ತಮ್ಮನ ಮನೆಯ ಪಡಸಾಲೆಯೇ ಗತಿ. ಒಂದೇ ಕೋಣೆಯಲ್ಲಿ ಮೂವರು ಅಣ್ಣತಮ್ಮಂದಿರ ಸಂಸಾರ, ನಡುವೆ ಸೀರೆಯ ಪರದೆ: ಇವರನ್ನು ಯಾವ ಗಣತಿಯೂ ಸೂರಿಲ್ಲದವರೆಂದು ಬರೆದುಕೊಳ್ಳುವುದಿಲ್ಲ.

ಮೂರನೆಯ ಮಾತು ಎಲ್ಲಕ್ಕಿಂತ ಕ್ರೂರವಾದದ್ದು: "ಅಲೆಯೋದು ಅವರ ಇಷ್ಟ, ಅವರ ಕುಲಕಸುಬು." ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 51, ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ 23 ಅಲೆಮಾರಿ ಸಮುದಾಯಗಳನ್ನು ಸರ್ಕಾರವೇ ಗುರುತಿಸಿದೆ. ಸುಡುಗಾಡುಸಿದ್ಧರು, ಶಿಳ್ಳೇಕ್ಯಾತರು, ದೊಂಬರು, ಕೊರಮರು, ಕೊರಚರು, ಹಂದಿಜೋಗಿಗಳು, ಬುಡ್ಗಜಂಗಮರು, ಚನ್ನದಾಸರು, ಹಕ್ಕಿಪಿಕ್ಕಿಗಳು. ಇವರಲ್ಲಿ ಎಷ್ಟು ಜನ ಸಂತೋಷಕ್ಕಾಗಿ ಅಲೆಯುತ್ತಿದ್ದಾರೆ? ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಕಳ್ಳರೆಂದು ಬರೆದರು. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರ ಆಗಸ್ಟ್ 31ರಂದು, ಆ ಕಾಯ್ದೆ ರದ್ದಾಯಿತು. ಕಾಗದದ ಮೇಲಿನ ಕಳಂಕ ಅಳಿಯಿತು, ಊರಿನವರ ಕಣ್ಣಿನಲ್ಲಿದ್ದದ್ದು ಅಳಿಯಲಿಲ್ಲ. ಇವತ್ತಿಗೂ ಊರಲ್ಲಿ ಒಂದು ಕೋಳಿ ಕಳೆದರೆ ಮೊದಲು ಹುಡುಕುವುದು ಟೆಂಟುಗಳನ್ನೇ.

ಕಸುಬುಗಳ ಗತಿಯೂ ಹಾಗೆಯೇ. ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ನಾಡೆಲ್ಲ ಸುತ್ತುತ್ತಿದ್ದ ಲಂಬಾಣಿಗರ ವ್ಯಾಪಾರವನ್ನು ರೈಲು ಕಿತ್ತುಕೊಂಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಪಿಕ್ಕಿಗಳ ಬೇಟೆಯನ್ನು ಅಪರಾಧ ಮಾಡಿತು. ಕಾಡು ಉಳಿಸಲು ಕಾಯ್ದೆ ಬೇಕಿತ್ತು, ನಿಜ. ಆದರೆ ಬದುಕು ಕಿತ್ತುಕೊಂಡವರಿಗೆ ಬದಲಿ ಬದುಕು ಕಟ್ಟಿಕೊಡುವ ಹೊಣೆ ಯಾರದಾಗಿತ್ತು? ತೊಗಲುಗೊಂಬೆ ಕುಣಿಸುತ್ತಿದ್ದವರು, ಹಗ್ಗದ ಮೇಲೆ ನಡೆಯುತ್ತಿದ್ದವರು, ಬೆಳಗಿನ ಜಾವ ಮನೆಬಾಗಿಲಿಗೆ ಬಂದು ಶಕುನ ಹೇಳುತ್ತಿದ್ದವರು ಈಗ ಏರ್‌ಪಿನ್ನು, ಬಾಚಣಿಗೆ, ಪ್ಲಾಸ್ಟಿಕ್ ಕೊಡ ಮಾರುತ್ತಾರೆ; ಕೂದಲು ಕೊಂಡು ಸ್ಟೀಲ್ ಪಾತ್ರೆ ಕೊಡುತ್ತಾರೆ. ಒಂದು ಊರಿನಲ್ಲಿ ನಿಲ್ಲಲು ಬಿಡದಿದ್ದಾಗ ಇನ್ನೊಂದು ಊರಿಗೆ ಹೋಗುತ್ತಾರೆ. ಓಡಿಸುವವರು ನಾವು. ಓಡಿಸಿದ ಮೇಲೆ, ಓಡುವುದು ಅವರ ಸಂಪ್ರದಾಯ ಎನ್ನುವವರೂ ನಾವೇ.

ಒಂದು ವೇಳೆ ವರ್ಷದಲ್ಲಿ ಕೆಲವು ತಿಂಗಳು ಅಲೆಯುವುದು ಕೆಲವರಿಗೆ ಅನಿವಾರ್ಯವೇ ಇರಲಿ. ಅದಕ್ಕಾಗಿ ನೆಲೆ ಬೇಡವೆಂದಾಗುತ್ತದೆಯೇ? ಇದಕ್ಕೆ ಉತ್ತರ ಈ ಸೀಮೆಯ ನೆಲದಲ್ಲೇ ಇದೆ. ಅಮೃತಮಹಲ್ ದನಗಳು ಅಲೆಯುವ ಹಿಂಡುಗಳಾಗಿದ್ದವು. ಮೈಸೂರಿನ ಆಳರಸರು ಅವು ಅಲೆಯುತ್ತವೆಂದು ಕೈಬಿಡಲಿಲ್ಲ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಹುಲ್ಲು ನೀರು ಇರುವ ಕಾವಲುಗಳನ್ನು ಗೊತ್ತುಮಾಡಿ, ದಾಖಲೆಯಲ್ಲಿ ಬರೆದು, ಕಾಯಲು ಜನ ಇಟ್ಟರು. ಇಂದಿಗೂ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು ಸಂರಕ್ಷಿತ ಮೀಸಲು ಪ್ರದೇಶವಾಗಿದೆ. ಆ ಹುಲ್ಲುಗಾವಲುಗಳು ಉಳಿಯಲೇಬೇಕು, ಅವನ್ನು ಒಡೆದು ಹಂಚಿ ಎಂದು ನಾನು ಕೇಳುತ್ತಿಲ್ಲ. ನಾನು ಕೇಳುತ್ತಿರುವುದು ಇಷ್ಟೇ: ಅಲೆಯುವ ಹಿಂಡಿಗೆ ಮೂರು ಋತುವಿಗೂ ನೆಲೆ ಬರೆದಿಡಲು ಬಲ್ಲ ಆಡಳಿತಕ್ಕೆ, ಅಲೆಯುವ ಮನುಷ್ಯರಿಗೆ ಒಂದೇ ಒಂದು ನೆಲೆ ಬರೆದುಕೊಡಲು ಏನು ಅಡ್ಡಿ?

ನಾಲ್ಕನೆಯ ಮಾತು: "ಕೊಟ್ಟರೂ ಮಾರ್ಕೊಂಡು ಹೋಗ್ತಾರೆ." ನಾವು ಕೊಟ್ಟಿರುವುದಾದರೂ ಏನು? 1985ರ ಇಂದಿರಾ ಆವಾಸ್, ದೇವರಾಜ ಅರಸರ ಕಾಲದ ಜನತಾ ಮನೆ, 1991-92ರ ಆಶ್ರಯ, ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ, 2016ರಿಂದ ಪ್ರಧಾನಮಂತ್ರಿ ಆವಾಸ್. ಯೋಜನೆಯ ಹೆಸರಿಗೆ ಬರವಿಲ್ಲ. ಆದರೆ ಬಹುಪಾಲು ಯೋಜನೆಗಳು ಶುರುವಾಗುವುದೇ ಸ್ವಂತ ನಿವೇಶನ ಇದ್ದವನಿಂದ. ಪ್ರಧಾನಮಂತ್ರಿ ಆವಾಸ್‌ನಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ. 2016ರಲ್ಲಿ ಗೊತ್ತುಮಾಡಿದ ಆ ಮೊತ್ತ, ಸಿಮೆಂಟು, ಕಬ್ಬಿಣ, ಮರಳಿನ ಬೆಲೆ ಎಲ್ಲಿಗೆ ಏರಿದರೂ ಕದಲಿಲ್ಲ. ಬಸವ ವಸತಿಯಂಥ ರಾಜ್ಯದ ಯೋಜನೆಗಳಲ್ಲೂ ಹಣ ಒಂದೇ ಸಲ ಕೈಗೆ ಬರುವುದಿಲ್ಲ. ಪಾಯ ಹಾಕಿ ಫೋಟೊ ತೆಗೆಸಿದ ಮೇಲೆ ಒಂದು ಕಂತು, ಲಿಂಟಲ್ ಮಟ್ಟಕ್ಕೆ ಬಂದ ಮೇಲೆ ಇನ್ನೊಂದು, ಛಾವಣಿಗೆ ಮತ್ತೊಂದು. ಅಂದಂದಿನ ಕೂಲಿಯಲ್ಲಿ ಬದುಕುವವನು ಪಾಯಕ್ಕೆ ಹಣ ಎಲ್ಲಿಂದ ತರಬೇಕು? ಬಡ್ಡಿಗೆ ಸಾಲ ತರುತ್ತಾನೆ. ಬಿಲ್ಲು ತಡವಾದರೆ ಬಡ್ಡಿ ಬೆಳೆಯುತ್ತದೆ, ಗೋಡೆ ನಿಲ್ಲುತ್ತದೆ. ನಮ್ಮ ಹಳ್ಳಿಗಳ ಅಂಚಿನಲ್ಲಿ ಲಿಂಟಲ್ ಮಟ್ಟಕ್ಕೇ ನಿಂತು ಎಕ್ಕದ ಗಿಡ ಬೆಳೆದ ಗೋಡೆಗಳನ್ನು ಕಾಣದವರು ಯಾರು? ಸಾಲ ತೀರಿಸಲು ಅರ್ಧ ಮನೆ ಮಾರಿದವನನ್ನು ದೂರುವ ಮುನ್ನ, ಅರ್ಧ ಮನೆಯ ದುಡ್ಡು ಕೊಟ್ಟವರನ್ನು ಕೇಳಬೇಕಲ್ಲವೇ?

ಪೂರ್ತಿ ಮನೆ ಸಿಕ್ಕಾಗಲೂ ಅದು ಎಲ್ಲಿರುತ್ತದೆ? ಊರಿಂದ ದೂರ, ಕಲ್ಲುಗುಡ್ಡದ ಮೇಲೆ ಅಥವಾ ಮಳೆಗೆ ನೀರು ನಿಲ್ಲುವ ತಗ್ಗಿನಲ್ಲಿ. ಕೊಳವೆಬಾವಿ ಇಲ್ಲ, ಕರೆಂಟು ಬಂದಿಲ್ಲ, ಶಾಲೆಗೆ ದಾರಿಯಿಲ್ಲ, ಸತ್ತರೆ ಹೂಳಲು ಜಾಗವಿಲ್ಲ. ಸಂತೆಯಿಂದ ಸಂತೆಗೆ ಹೋಗಿ ಹೊಟ್ಟೆ ಹೊರೆಯುವವರು ಬಸ್ಸೂ ಬಾರದ ಕಡೆ ಹೇಗೆ ಬಾಳಬೇಕು? ವಸತಿಯ ಹಕ್ಕು ಎಂದರೆ ತಲೆಯ ಮೇಲೊಂದು ಛಾವಣಿ ಅಷ್ಟೇ ಅಲ್ಲ ಎಂದು 1995ರಲ್ಲಿ ಚಮೇಲಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಸಾಕಷ್ಟು ಜಾಗ, ಗಾಳಿ, ಬೆಳಕು, ಶುದ್ಧ ನೀರು, ವಿದ್ಯುತ್, ಶೌಚದ ವ್ಯವಸ್ಥೆ, ರಸ್ತೆ, ಇವೆಲ್ಲ ಸೇರಿದರೆ ವಸತಿ. ಇವು ಯಾವುವೂ ಇಲ್ಲದ ಕಡೆಯಿಂದ ಎದ್ದು ಬಂದವರು ಮನೆ ತೊರೆದವರಲ್ಲ. ಅವರಿಗೆ ಮನೆ ಸಿಕ್ಕೇ ಇರಲಿಲ್ಲ.

ಇಷ್ಟಕ್ಕೂ ಮನೆ ಕೇಳಲು ಹೋದವರಿಗೆ ಏನಾಗುತ್ತದೆ? ಮೇಜಿನ ಆಚೆಯಿಂದ ಮೊದಲ ಪ್ರಶ್ನೆ: "ಏನಮ್ಮ, ನಿಮ್ಮದು ಯಾವೂರು?" "ಇಲ್ಲೇ ಸ್ವಾಮಿ, ಕೆರೆ ಏರಿ ಪಕ್ಕ." "ಆಧಾರ್‌ನಲ್ಲಿ ಬೇರೆ ಊರಿದೆಯಲ್ಲ. ರೇಷನ್ ಕಾರ್ಡ್ ಎಲ್ಲಿ? ಜಾತಿ ಸರ್ಟಿಫಿಕೇಟ್ ಎಲ್ಲಿ?" ಮನೆ ಪಡೆಯಲು ವಿಳಾಸ ಬೇಕು, ವಿಳಾಸ ಪಡೆಯಲು ಮನೆ ಬೇಕು. ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆ. ಅಲ್ಲಿ ಕೈ ಎತ್ತುವುದು ಆ ಊರಿನ ಮತದಾರರು. ಮತದಾರರ ಪಟ್ಟಿಯಲ್ಲಿ ಹೆಸರೇ ಇಲ್ಲದವರ ಪರವಾಗಿ ಯಾರು ಕೈ ಎತ್ತುತ್ತಾರೆ? ಸೈಟಿಲ್ಲದವರ ಪಟ್ಟಿಯಲ್ಲಿ ಎರಡಂತಸ್ತಿನವರ ಬಂಧುಗಳ ಹೆಸರು ಸೇರುವುದನ್ನು ಕಂಡೂ ಸುಮ್ಮನಿರುವ ಊರು, ಟೆಂಟಿನವರು ಅರ್ಜಿ ಕೊಟ್ಟರೆ ಮಾತ್ರ ನಿಯಮ ಓದಿ ಹೇಳುತ್ತದೆ. 2018ರಲ್ಲಿ ಅಜ್ಜಂಪುರ ಹೊಸ ತಾಲ್ಲೂಕಾಯಿತು. ಕಚೇರಿ ಹತ್ತಿರಕ್ಕೆ ಬಂತು, ಪ್ರಶ್ನೆ ಹಾಗೇ ಉಳಿಯಿತು.

ಕಾನೂನು ಹೀಗಿದೆ ಎಂದು ಕೈಚೆಲ್ಲುವವರಿಗೆ ಕಾನೂನನ್ನೇ ತೋರಿಸೋಣ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯ ನಿಯಮದಲ್ಲಿ ಸೂರಿಲ್ಲದ ಕುಟುಂಬಗಳು ಯಾವ ಅಂಕವೂ ಇಲ್ಲದೆ, ತಾನಾಗಿಯೇ ಪಟ್ಟಿಯ ಮೊದಲಿಗೆ ಸೇರಬೇಕಿತ್ತು. ಸೂರಿಲ್ಲದವರು ಮತದಾರರ ಪಟ್ಟಿಗೆ ಸೇರಲು ವಿಳಾಸದ ದಾಖಲೆ ಬೇಕಿಲ್ಲ. ಅವರು ಮಲಗುವ ಜಾಗಕ್ಕೆ ಬೂತ್ ಮಟ್ಟದ ಅಧಿಕಾರಿಯೇ ರಾತ್ರಿ ಹೋಗಿ ನೋಡಿ ಹೆಸರು ಸೇರಿಸಬೇಕೆಂಬುದು ಚುನಾವಣಾ ಆಯೋಗದ ನಿಯಮ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಬಡವರಿಗೆ ಹಕ್ಕು ಕೊಡಲು ಭೂಕಂದಾಯ ಕಾಯ್ದೆಯಲ್ಲಿ 94ಸಿ ಇದೆ; ತಾಂಡಾ, ಗೊಲ್ಲರಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮ ಮಾಡಲು ದಾರಿಯಿದೆ. ಕಾನೂನಿನ ಕೊರತೆ ಎಲ್ಲಿದೆ? ರಾತ್ರಿ ಟಾರ್ಚು ಹಿಡಿದು ಟೆಂಟಿನ ತನಕ ನಡೆದು ಹೋಗುವ ಅಧಿಕಾರಿ ಎಲ್ಲಿ?

"ಜಾಗವೇ ಇಲ್ಲ" ಎಂಬುದು ಕಚೇರಿಗಳ ಕಟ್ಟಕಡೆಯ ಉತ್ತರ. 2001-02ರ ಸುಮಾರಿಗೆ ಭದ್ರಾ ಅಭಯಾರಣ್ಯದ ಒಳಗಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳನ್ನು ಹೊರಗೆ ತಂದು ನೆಲೆಗೊಳಿಸಬೇಕಾಯಿತು. ಆಗ ಜಾಗ ಸಿಕ್ಕಿತು. ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲೇ ನೀರಾವರಿ ಜಮೀನು, ಮನೆ ನಿವೇಶನ ಎರಡೂ ಸಿಕ್ಕವು. ದೇಶದ ಉತ್ತಮ ಪುನರ್ವಸತಿಗಳಲ್ಲಿ ಒಂದೆಂದು ಅದು ಹೆಸರಾಯಿತು. ಭದ್ರಾ ಮೇಲ್ದಂಡೆ ಯೋಜನೆಗಾಗಿ ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರ್ ಉದ್ದದ ಸುರಂಗ ಕೊರೆದರು. 2023-24ರ ಕೇಂದ್ರ ಬಜೆಟ್‌ನಲ್ಲಿ ಆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ನೀರು ಬರಲಿ, ಅದು ಬೇಕು. ಆದರೆ ಬೆಟ್ಟ ಕೊರೆಯಬಲ್ಲ ಸರ್ಕಾರಕ್ಕೆ ಮೂವತ್ತು ನಲವತ್ತರ ಸೈಟು ಹುಡುಕಲಾಗದು ಎಂಬುದನ್ನು ನಾವೇಕೆ ನಂಬಬೇಕು? ಮನಸ್ಸು ಮಾಡಿದ ಕಡೆ ಜಾಗವೂ ಹಣವೂ ಸಿಕ್ಕಿವೆ. ಟೆಂಟಿನವರ ವಿಷಯದಲ್ಲಿ ಮನಸ್ಸು ಮಾಡಿಲ್ಲ, ಅಷ್ಟೇ.

ಪಟ್ಟಣದ ಬೀದಿಯಲ್ಲಿ ಒಂಟಿಯಾಗಿ ಮಲಗುವವರ ಸ್ಥಿತಿ ಇನ್ನೂ ಕಷ್ಟದ್ದು. ನಗರ ವಸತಿರಹಿತರ ಆಶ್ರಯ ಯೋಜನೆ ಇಟ್ಟುಕೊಂಡ ಅಳತೆ ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ಆಶ್ರಯ ತಾಣ. ಕಡೂರು, ಬೀರೂರು, ತರೀಕೆರೆ ಯಾವುದೂ ಲಕ್ಷ ಜನರ ಊರಲ್ಲ. ಹಾಗೆಂದು ಇಲ್ಲಿ ಚಳಿಗೆ ನಡುಗುವ ಮುದುಕಿಯ ಮೈ ಲಕ್ಷ ಜನ ಸೇರುವ ತನಕ ಕಾಯುತ್ತದೆಯೇ? ನಿಮ್ಮ ಮನೆಯ ಆಸ್ತಿ ತೆರಿಗೆ ಚಲನ್ ತೆಗೆದು ನೋಡಿ. ಆರೋಗ್ಯ ಕರ, ಗ್ರಂಥಾಲಯ ಕರದ ಜೊತೆಗೆ ಶೇ 3ರಷ್ಟು ಭಿಕ್ಷುಕರ ಕರ ಎಂಬ ಸಾಲು ಇರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಅಡಿಯಲ್ಲಿ ವಸೂಲಾಗುವ ಹಣ ಅದು. ಅಂದರೆ ದಿಕ್ಕಿಲ್ಲದವರ ಹೆಸರಿನಲ್ಲಿ ನಾವೆಲ್ಲ ವರ್ಷ ವರ್ಷ ದುಡ್ಡು ಕಟ್ಟುತ್ತಿದ್ದೇವೆ. ಆ ಹಣದಲ್ಲಿ ನಮ್ಮ ಊರಿನ ದಿಕ್ಕಿಲ್ಲದವರಿಗೆ ಸಿಕ್ಕಿದ್ದೇನು ಎಂದು ಎಂದಾದರೂ ಕೇಳಿದ್ದೇವೆಯೇ? ಕಾಯ್ದೆ ಅವರನ್ನು ಹಿಡಿದು ಸಾಗಿಸಲು ದಾರಿ ಮಾಡಿದೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಸಾಲು ಸಾಲು ಸಾವುಗಳಾದಾಗ ನಾಡೇ ಬೆಚ್ಚಿತು. ಹಿಡಿದು ಕೂಡಿಹಾಕುವುದು ಆಶ್ರಯವಲ್ಲ. ಅವರು ಇರುವ ಊರಿನಲ್ಲೇ, ಬೀಗ ಹಾಕದ ಬಾಗಿಲಿನ ಒಂದು ಸೂರು ಬೇಕು.

ಈಗ ಮಾಡಬೇಕಾದ್ದು ಸ್ಪಷ್ಟವಿದೆ. 2021ರ ಜನಗಣತಿ ನಡೆಯಲೇ ಇಲ್ಲ. ಹದಿನೈದು ವರ್ಷ ಹಳೆಯ ಲೆಕ್ಕದ ಮೇಲೆ ಯೋಜನೆಗಳು ಸಾಗಿವೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ಘೋಷಣೆಯಾಗಿದೆ. ಆ ಒಂದು ರಾತ್ರಿಗಾಗಿ ಕಾಯದೆ, ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿ, ಪ್ರತಿ ಪಟ್ಟಣ ತನ್ನ ಗಡಿಯೊಳಗಿನ ಟೆಂಟು, ಜಗಲಿ, ನಿಲ್ದಾಣ, ಲೈನ್ ಮನೆಗಳನ್ನು ಈಗಲೇ ಎಣಿಸಬೇಕು. ಎಣಿಸುವಾಗ ಆ ಸಮುದಾಯದವರನ್ನೇ ಜೊತೆಗೆ ಕರೆದೊಯ್ಯಬೇಕು. ಟಾರ್ಪಾಲಿನ ಕೆಳಗಿರುವ ಕುಟುಂಬವನ್ನು ಸೂರಿಲ್ಲದ ಕುಟುಂಬವೆಂದೇ ಬರೆಯಬೇಕು. ಅವರು ನಿಂತ ಜಾಗವನ್ನೇ ವಿಳಾಸವೆಂದು ಒಪ್ಪಿ ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಮತದಾರರ ಚೀಟಿ ಮೂರನ್ನೂ ಅಧಿಕಾರಿಗಳೇ ಹೋಗಿ ಕೊಟ್ಟು ಬರಬೇಕು. ಮನೆಯ ಹಣಕ್ಕೆ ಮೊದಲು ನಿವೇಶನ. ಅದು ಸಂತೆ, ಶಾಲೆ, ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ನೀರು ಮತ್ತು ಸ್ಮಶಾನದ ಜಾಗ ಸಮೇತ. ಪಾಯಕ್ಕೆ ಮುಂಗಡ ಹಣ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದಲ್ಲಿ ಒಂದೊಂದು ರಾತ್ರಿ ಆಶ್ರಯ ತಾಣ. ಭಿಕ್ಷುಕರ ಕರದ ಲೆಕ್ಕ ಪ್ರತಿ ಪಟ್ಟಣದ ಕಚೇರಿ ಫಲಕದ ಮೇಲೆ.

ಇದನ್ನು ಟೆಂಟಿನವರು ಒಬ್ಬರೇ ಕೇಳಿದರೆ ಯಾರ ಕಿವಿಗೂ ಬೀಳದು. ಅವರಿಗೆ ಓಟಿಲ್ಲ, ನಮಗಿದೆ. ಮುಂದಿನ ಗ್ರಾಮಸಭೆಯಲ್ಲಿ ನಾವು ಎದ್ದು ನಿಂತು, ಈ ಊರಿನ ಸೂರಿಲ್ಲದವರ ಪಟ್ಟಿ ಎಲ್ಲಿ, ಅವರಿಗೆ ಗೊತ್ತುಮಾಡಿದ ಸರ್ವೆ ನಂಬರ್ ಯಾವುದು ಎಂದು ಕೇಳಬೇಕು. ಉತ್ತರ ಬರೆದುಕೊಡುವ ತನಕ ಸಭೆಯ ನಡಾವಳಿಗೆ ಸಹಿ ಹಾಕಬಾರದು. ಓಟು ಕೇಳಲು ಬಂದವರಿಗೂ ಇದೇ ಪ್ರಶ್ನೆ, ತಾಲ್ಲೂಕು ಕಚೇರಿಯ ಮುಂದೆಯೂ ಇದೇ ಪ್ರಶ್ನೆ. ನಮ್ಮ ಕಡೆ ಮನೆ ಇಲ್ಲದವರಿಲ್ಲ ಎಂಬ ಮಾತು ನಿಜವಾಗಬೇಕಾದರೆ ಅದಕ್ಕಿರುವುದು ಒಂದೇ ದಾರಿ: ಅವರಿಗೆ ಮನೆ ಕೊಡುವುದು. ಅಲ್ಲಿಯ ತನಕ ಆ ಮಾತನ್ನು ನಮ್ಮ ಎದುರು ಯಾರೇ ಆಡಿದರೂ, ಅದು ಸುಳ್ಳು ಎಂದು ಅಲ್ಲೇ ಗಟ್ಟಿಯಾಗಿ ಹೇಳಬೇಕು.